ಹದಿನೇಳನೇ ರೇಖೆಯ ಪಕ್ಕದ ಊರುಗಳು

ಮೊದಲ ಸಲ ಆ ಪ್ರಬಂಧ ಓದಿದಾಗ ನನಗೆ ಸಿಟ್ಟೇ ಬಂದಿತ್ತು. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞರಾದ ಎಡ್ವರ್ಡ್ ಮಿಗೆಲ್ ಮತ್ತು ಜೆರಾರ್ಡ್ ರೋಲಾಂಡ್ 2011ರಲ್ಲಿ ಪ್ರಕಟಿಸಿದ್ದು. ವಿಯೆಟ್ನಾಂ ಯುದ್ಧದಲ್ಲಿ ಅಮೆರಿಕ ಅಲ್ಲಿನ ಯಾವ ಜಿಲ್ಲೆಯ ಮೇಲೆ ಎಷ್ಟು ಬಾಂಬ್ ಹಾಕಿತು ಅಂತ ಅಮೆರಿಕದ ಸೇನೆಯ ದಾಖಲೆಗಳಿಂದಲೇ ತೆಗೆದು, ಅದೇ ಜಿಲ್ಲೆಗಳು ಸುಮಾರು 25 ವರ್ಷಗಳ ನಂತರ ಹೇಗಿವೆ ಅಂತ ನೋಡಿದ್ದಾರೆ. ಬಡತನ, ಕರೆಂಟು, ಸಾಕ್ಷರತೆ, ಜನಸಂಖ್ಯೆ. ಜಾಸ್ತಿ ಬಾಂಬ್ ಬಿದ್ದ ಜಿಲ್ಲೆಗಳು ಉಳಿದವಕ್ಕಿಂತ ಹಿಂದೆ ಬಿದ್ದಿರಲಿಲ್ಲವಂತೆ! ಕ್ವಾಂಗ್ ಟ್ರಿ ಪ್ರಾಂತ್ಯದ 3,500 ಹಳ್ಳಿಗಳಲ್ಲಿ ಬಾಂಬ್ ಬೀಳದೆ ಉಳಿದದ್ದು ಬರೀ 11. ಹಾಗಿದ್ದ ಮೇಲೆ ಇದನ್ನು ಹೇಗೆ ನಂಬುವುದು?

ಬಡ ಜಿಲ್ಲೆಗಳನ್ನೇ ಹುಡುಕಿ ಬಾಂಬ್ ಹಾಕಿದ್ದರೆ, ಅಥವಾ ಶ್ರೀಮಂತ ಜಿಲ್ಲೆಗಳ ಮೇಲೇ ಹಾಕಿದ್ದರೆ, ಸುಮ್ನೆ ಹೋಲಿಸಿ ಏನೂ ಗೊತ್ತಾಗುವುದಿಲ್ಲ. ಅದಕ್ಕೆ ಅವರು ಹಿಡಿದದ್ದು 17ನೇ ಅಕ್ಷಾಂಶ ರೇಖೆಯಿಂದ ಇರುವ ದೂರವನ್ನು. 1954ರಲ್ಲಿ ಜಿನೀವಾದಲ್ಲಿ ಕೂತು ದೊಡ್ಡ ದೇಶಗಳು ಚೌಕಾಸಿ ಮಾಡಿ ಉತ್ತರ ಮತ್ತು ದಕ್ಷಿಣ ವಿಯೆಟ್ನಾಂ ನಡುವೆ ನಿಲ್ಲಿಸಿದ ಗಡಿ ಅದು. ಯಾವ ಊರಿನಲ್ಲಿ ಎಷ್ಟು ಭತ್ತ ಬೆಳೆಯುತ್ತದೆ ಅಂತ ಅಲ್ಲಿ ಯಾರೂ ಕೇಳಿರಲಿಲ್ಲ, ಆದರೆ ಗಡಿಗೆ ಹತ್ತಿರವಿದ್ದಷ್ಟೂ ಬಾಂಬ್ ಜಾಸ್ತಿ ಬಿತ್ತು. ಈ ಜಾಗಕ್ಕೆ ಬಂದಾಗ ನನ್ನ ಸಿಟ್ಟು ಇಳಿದು ಗೌರವ ಹುಟ್ಟಿತು.

ಹಾಗಾದರೆ ಊರುಗಳು ಎದ್ದು ನಿಂತದ್ದು ಹೇಗೆ? ಯುದ್ಧದ ನಂತರ ಸರ್ಕಾರ ಹೆಚ್ಚು ಹಾಳಾದ ಕಡೆಗೇ ಜಾಸ್ತಿ ಹಣ ಹಾಕಿದ್ದಕ್ಕೆ ಅವರಿಗೆ ಕೆಲವು ಪುರಾವೆ ಸಿಕ್ಕಿದೆ. ಹಣ ಹಾಕಿದರೆ ಸಾಲದು, ಅಲ್ವಾ, ಹಳ್ಳಿಯವರೆಗೂ ಕೆಲಸ ಮಾಡಿಸುವ ತಾಕತ್ತೂ ಬೇಕು. ಅಂಥ ತಾಕತ್ತು ಎಷ್ಟು ಹಳೆಯದಿರಬಹುದು ಅಂತ ತೋರಿಸುವ ಇನ್ನೊಂದು ಅಧ್ಯಯನ ಅರ್ಥಶಾಸ್ತ್ರಜ್ಞೆ ಮೆಲಿಸ್ಸಾ ಡೆಲ್ ಮತ್ತು ಜೊತೆಯವರದು, 2018ರದ್ದು. ದಕ್ಷಿಣದಲ್ಲಿ ಒಂದು ಕಾಲಕ್ಕೆ ದಾಯ್ ವಿಯೆಟ್ ಎಂಬ ಹಳೆಯ ವಿಯೆಟ್ನಾಮಿ ರಾಜ್ಯದ ಆಳ್ವಿಕೆಯಲ್ಲಿದ್ದ ಹಳ್ಳಿಗಳನ್ನೂ ಅದರ ಗಡಿಯಾಚೆ ಕಾಂಬೋಡಿಯಾದ ಖ್ಮೇರ್ ಅರಸರ ಕೆಳಗಿದ್ದ ಹಳ್ಳಿಗಳನ್ನೂ ಅವರು ಹೋಲಿಸಿದ್ದಾರೆ. ದಾಯ್ ವಿಯೆಟ್‌ನಲ್ಲಿ ತೆರಿಗೆ ಕಟ್ಟುವುದೂ ದಾಖಲೆ ಇಡುವುದೂ ಹಳ್ಳಿಯದೇ ಹೊಣೆ. ಆ ಕಡೆಯ ಮನೆಗಳು ಇವತ್ತಿಗೂ ಹೆಚ್ಚು ಅನುಕೂಲವಾಗಿವೆ.

ಒಂದು ಮಾತು ಮಾತ್ರ ಯಾರೂ ತಪ್ಪು ತಿಳಿಯಬಾರದು. ಮಿಗೆಲ್ ಮತ್ತು ರೋಲಾಂಡ್ ಹೋಲಿಸಿದ್ದು ಜಿಲ್ಲೆಯನ್ನು ಜಿಲ್ಲೆಯ ಜೊತೆ. ಇಡೀ ದೇಶವೇ ಯುದ್ಧದಿಂದ ಬಡವಾಗಿದ್ದರೆ ಈ ಲೆಕ್ಕಕ್ಕೆ ಅದು ಸಿಗುವುದಿಲ್ಲ, ಅದನ್ನು ಅವರೇ ಹೇಳಿದ್ದಾರೆ. ಸತ್ತವರ ಲೆಕ್ಕವೂ ಇದರಲ್ಲಿಲ್ಲ. ಕ್ವಾಂಗ್ ಟ್ರಿಯಲ್ಲಿ ಸಿಡಿಯದೆ ಉಳಿದ ಬಾಂಬುಗಳಿಂದ 1975ರ ನಂತರವೂ ಸಾವಿರಾರು ಜನ ಸತ್ತರು, ಇಲ್ಲವೇ ಕೈಕಾಲು ಕಳೆದುಕೊಂಡರು. ಅವುಗಳನ್ನು ಮಣ್ಣಿನಿಂದ ತೆಗೆಯುವ ಕೆಲಸ ಇನ್ನೂ ನಡೆಯುತ್ತಿದೆ.