ಬ್ರಿಸ್ಟಲ್‌ನ ಬಸ್ಸು ಮತ್ತು ಸೆಪ್ಟೆಂಬರ್ 17

ನಾಗರಿಕ ಹಕ್ಕುಗಳ ಚಳವಳಿ ಎಂದೊಡನೆ ಕಲಬುರಗಿಯಲ್ಲಿ ಓದಿ ಬೆಳೆದ ನಮ್ಮಂಥವರಿಗೆ ಅಮೆರಿಕವೋ ದಕ್ಷಿಣ ಆಫ್ರಿಕವೋ ನೆನಪಾಗುತ್ತದೆ. ನಾನೀಗ ನೆಲೆಸಿರುವ ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ ಮಾತ್ರ ಅಂಥ ಹೋರಾಟವೊಂದು ಸಿಟಿ ಬಸ್ಸಿನ ಕಂಡಕ್ಟರ್ ನೌಕರಿಯ ಸಲುವಾಗಿ ಹುಟ್ಟಿತು.

ಎರಡನೇ ಮಹಾಯುದ್ಧದ ನಂತರ ಬ್ರಿಟನ್ನಿನಲ್ಲಿ ದುಡಿಯುವವರ ಕೊರತೆಯಿತ್ತು. 1948ರ ರಾಷ್ಟ್ರೀಯತಾ ಕಾಯ್ದೆಯು ವಸಾಹತುಗಳ ಪ್ರಜೆಗಳಿಗೂ ಪೌರತ್ವ ಕೊಟ್ಟಿದ್ದರಿಂದ ಜಮೈಕಾದಂಥ ದ್ವೀಪಗಳಿಂದ ಸಾವಿರಾರು ಜನ ಇಲ್ಲಿಗೆ ಬಂದರು; ಬ್ರಿಸ್ಟಲ್‌ಗೆ ಬಂದವರಲ್ಲಿ ಅನೇಕರು ಸೇಂಟ್ ಪಾಲ್ಸ್ ಬಡಾವಣೆಯಲ್ಲಿ ನೆಲೆ ನಿಂತರು. ಆದರೆ ಬ್ರಿಸ್ಟಲ್ ಆಮ್ನಿಬಸ್ ಕಂಪನಿಯು ಬಿಳಿಯರಲ್ಲದವರನ್ನು ವರ್ಕ್‌ಶಾಪಿನಲ್ಲಿ, ಕ್ಯಾಂಟೀನಿನಲ್ಲಿ ಕಡಿಮೆ ಸಂಬಳಕ್ಕೆ ಇಟ್ಟುಕೊಳ್ಳುತ್ತಿತ್ತೇ ಹೊರತು ಡ್ರೈವರ್, ಕಂಡಕ್ಟರ್ ಕೆಲಸಕ್ಕೆ ಸೇರಿಸಿಕೊಳ್ಳುತ್ತಿರಲಿಲ್ಲ. ಕಂಪನಿಯ ಧೋರಣೆಗಿಂತಲೂ ನನ್ನನ್ನು ಹೆಚ್ಚು ಕಾಡುವುದು ಕಾರ್ಮಿಕ ಸಂಘದ ನಡೆ. ದುಡಿಯುವವರ ಪರವಾಗಿ ನಿಲ್ಲಬೇಕಾಗಿದ್ದ ಆ ಸಂಘದ ಸ್ಥಳೀಯ ಶಾಖೆಯೇ 1955ರಲ್ಲಿ ಕರಿಯರನ್ನು ಬಸ್ಸಿನ ಸಿಬ್ಬಂದಿಯಾಗಿ ತೆಗೆದುಕೊಳ್ಳಬಾರದೆಂದು ಠರಾವು ಮಾಡಿತ್ತು. ಇದನ್ನು ಅಪರಾಧವೆನ್ನುವ ಕಾನೂನು ಆಗ ಬ್ರಿಟನ್ನಿನಲ್ಲಿ ಒಂದೂ ಇರಲಿಲ್ಲ.

ರಾಯ್ ಹ್ಯಾಕೆಟ್, ಓವನ್ ಹೆನ್ರಿ ಮೊದಲಾದವರು ಯುವಜನ ಅಧಿಕಾರಿಯಾಗಿದ್ದ ಪಾಲ್ ಸ್ಟೀಫನ್‌ಸನ್ ಅವರೊಡನೆ ಕೂಡಿ, ಈ ತಾರತಮ್ಯವನ್ನು ಬಯಲಿಗೆಳೆಯಲು ಗೈ ಬೈಲಿ ಎಂಬ ತರುಣನಿಗೆ ಕಂಪನಿಯಲ್ಲಿ ಸಂದರ್ಶನ ಗೊತ್ತುಮಾಡಿಸಿದರು. ಅವನು ವೆಸ್ಟ್ ಇಂಡೀಸ್ ಮೂಲದವನೆಂದು ತಿಳಿದೊಡನೆ ಸಂದರ್ಶನ ರದ್ದಾಯಿತು. 1955ರಲ್ಲಿ ಅಮೆರಿಕದ ಮಾಂಟ್ಗೊಮರಿಯಲ್ಲಿ ನಡೆದ ಬಸ್ ಬಹಿಷ್ಕಾರದ ಮಾದರಿ ಅವರ ಕಣ್ಣಮುಂದಿತ್ತು; 1963ರ ಏಪ್ರಿಲ್ ಕೊನೆಯಲ್ಲಿ ಬ್ರಿಸ್ಟಲ್‌ನಲ್ಲಿಯೂ ಬಹಿಷ್ಕಾರಕ್ಕೆ ಕರೆ ಕೊಟ್ಟರು. ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಮೆರವಣಿಗೆ ತೆಗೆದರು, ಲೇಬರ್ ಪಕ್ಷದ ರಾಜಕಾರಣಿ ಟೋನಿ ಬೆನ್ ಬೆಂಬಲಿಸಿದರು. ನಾಲ್ಕು ತಿಂಗಳ ಬಳಿಕ, ಆಗಸ್ಟ್ 28ರಂದು, ಕಂಪನಿ ಮಣಿಯಿತು. ವಾಷಿಂಗ್ಟನ್ನಿನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ತಮ್ಮ ಪ್ರಸಿದ್ಧ ಭಾಷಣ ಮಾಡಿದ್ದೂ ಅದೇ ದಿನ.

ಬಿಳಿಯನಲ್ಲದ ಮೊದಲ ಕಂಡಕ್ಟರ್ ಆಗಿ ನೇಮಕಗೊಂಡವರು ಸಿಖ್ ಸಮುದಾಯದ ರಘುಬೀರ್ ಸಿಂಗ್. ತಾರೀಕು ಸೆಪ್ಟೆಂಬರ್ 17. ನಮ್ಮ ಭಾಗದವರಿಗೆ ಈ ತಾರೀಕನ್ನು ಬಿಡಿಸಿ ಹೇಳಬೇಕಾಗಿಲ್ಲ. ದೇಶಕ್ಕೆ ಸ್ವಾತಂತ್ರ್ಯ ಬಂದು ಹದಿಮೂರು ತಿಂಗಳಾದ ಮೇಲೆ, 1948ರಲ್ಲಿ, ನಿಜಾಮನ ಆಳ್ವಿಕೆ ಮುಗಿದ ದಿನವದು. ಕಾಕತಾಳೀಯವೇ ಸರಿ. ಆದರೂ ವಿಮೋಚನೆಯ ನಂತರ ನೌಕರಿಯಲ್ಲಿ, ಕಾಲೇಜಿನ ಸೀಟಿನಲ್ಲಿ ನಮ್ಮ ಪಾಲು ಕೇಳುತ್ತ, ಆ ಪಾಲನ್ನು ಕೊಡುವ ಸಂವಿಧಾನದ 371(ಜೆ) ವಿಧಿಗೆ ಸಂಸತ್ತು ಒಪ್ಪಿಗೆ ಕೊಡುವ 2012ರವರೆಗೆ ಕಾದ ಕಲಬುರಗಿ, ಬೀದರ್, ಯಾದಗಿರಿಯ ಜನರಿಗೆ ಒಂದು ಕಂಡಕ್ಟರ್ ಹುದ್ದೆಗಾಗಿ ಊರಿಗೆ ಊರೇ ಏಕೆ ಕದಲಿತೆಂಬುದು ಬೇಗ ಅರ್ಥವಾದೀತು.

ಬ್ರಿಟನ್ನಿನಲ್ಲಿ ಜನಾಂಗೀಯ ತಾರತಮ್ಯವನ್ನು ನಿಷೇಧಿಸುವ ಮೊದಲ ಕಾಯ್ದೆ 1965ರಲ್ಲಿ ಬಂದರೂ ಅದು ಸಾರ್ವಜನಿಕ ಸ್ಥಳಗಳಿಗೆ ಸೀಮಿತವಾಗಿತ್ತು. ನೌಕರಿ ಮತ್ತು ವಸತಿ ಅದರ ವ್ಯಾಪ್ತಿಗೆ ಸೇರಿದ್ದು 1968ರಲ್ಲಿ. ಆ ರಕ್ಷಣೆಯ ಫಲವನ್ನು ನನ್ನಂಥ ಭಾರತೀಯರು ಈಗ ಉಣ್ಣುತ್ತಿದ್ದೇವೆ. ಜಾತಿಯ ತಾರತಮ್ಯವನ್ನೂ ಕಾನೂನಿನಲ್ಲಿ ಹೆಸರಿಸಿ ನಿಷೇಧಿಸಬೇಕೆಂಬ ಬೇಡಿಕೆ ಎದ್ದಾಗ ಮಾತ್ರ ಇಲ್ಲಿಯ ಕೆಲವು ಹಿಂದೂ ಸಂಘಟನೆಗಳೇ ಅದನ್ನು ವಿರೋಧಿಸಿದವು, 2018ರಲ್ಲಿ ಸರ್ಕಾರ ಆ ಪ್ರಸ್ತಾವವನ್ನು ಕೈಬಿಟ್ಟಿತು.