ದುಬಾರಿ ಪೆಟ್ರೋಲ್ ಹಾಕಿಸಿದ್ರೆ ಕಾರು ಹಾರುತ್ತಾ?

ಸ್ವಲ್ಪ ದಿನ ನನಗೂ ಈ ಹುಚ್ಚು ಹಿಡಿದಿತ್ತು. ಆಕ್ಟೇನ್ ಜಾಸ್ತಿ ಇರುವ ಪೆಟ್ರೋಲ್ ಹಾಕಿಸಿದರೆ ಪಿಕಪ್ ಜಾಸ್ತಿ ಆಗುತ್ತದೆ ಅಂತ ಯಾರೋ ಹೇಳಿದ್ದರು, ಮೂರ್ನಾಲ್ಕು ಸಲ ಟ್ಯಾಂಕ್ ತುಂಬಿಸಿದೆ. ಕಾರಿಗೆ ಏನೂ ಅನಿಸಲಿಲ್ಲ. ಜೇಬು ಮಾತ್ರ ಹಗುರಾಯಿತು.

ಆಕ್ಟೇನ್ ನಂಬರ್ ಹೇಳುವುದು ಪೆಟ್ರೋಲಿಗೆ ತಾಳ್ಮೆ ಎಷ್ಟಿದೆ ಅಂತ. ಪಿಸ್ಟನ್ ಮೇಲೆ ಬಂದು ಗಾಳಿ ಮತ್ತು ಪೆಟ್ರೋಲನ್ನು ಒತ್ತಿದಾಗ ಎರಡೂ ಕಾದು ಬಿಸಿಯಾಗುತ್ತವೆ. ಆದರೂ ಪ್ಲಗ್ಗಿನ ಕಿಡಿಯಿಂದ ಹೊತ್ತಿದ ಬೆಂಕಿ ಬಂದು ಮುಟ್ಟುವ ತನಕ ತಾನಾಗಿ ಹೊತ್ತಿಕೊಳ್ಳಬಾರದು. ಸುಲಭಕ್ಕೆ ತಾನಾಗಿ ಹೊತ್ತಿಕೊಳ್ಳದ ಐಸೋ-ಆಕ್ಟೇನ್ ಅನ್ನುವ ದ್ರವಕ್ಕೆ 100, ಬೇಗ ಹೊತ್ತಿಕೊಳ್ಳುವ ಹೆಪ್ಟೇನ್‌ಗೆ 0 ಅಂತ ಇಟ್ಟುಕೊಂಡು ಇದನ್ನು ಅಳೆಯುತ್ತಾರೆ. ಟರ್ಬೊ (ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಸಾಧನ) ಇರುವ, ಜಾಸ್ತಿ ಒತ್ತುವ ಎಂಜಿನ್ನಿಗೆ ಈ ತಾಳ್ಮೆ ನಿಜವಾಗಿಯೂ ಬೇಕು. ನನ್ನ ಹಳೇ ಕಾರಿಗೆ ಅದು ಸುಮ್ನೆ ದಂಡ.

ಆಕ್ಟೇನ್ ಕಡಿಮೆಯಾದರೆ ಏನಾಗುತ್ತದೆ ಅನ್ನುವುದೂ ಆಮೇಲೆ ಗೊತ್ತಾಯಿತು. ಒಂದು ಪ್ರಯಾಣದಲ್ಲಿ ದಾರಿ ಮಧ್ಯೆ ಪೆಟ್ರೋಲ್ ಹಾಕಿಸಿ, ಏರು ದಾರಿಯಲ್ಲಿ ಮೂರನೇ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದೆ ನೋಡಿ, ತಗಡಿನ ಡಬ್ಬಿಯಲ್ಲಿ ಕಾಳು ಹಾಕಿ ಅಲ್ಲಾಡಿಸಿದ ಹಾಗೆ ಸದ್ದು. ಅದೇ ನಾಕಿಂಗ್, ಬೆಂಕಿ ಬಂದು ಮುಟ್ಟುವ ಮೊದಲೇ ಪೆಟ್ರೋಲ್ ತಾನಾಗಿ ಹೊತ್ತಿಕೊಂಡಾಗ ಬರುವ ಸದ್ದು. ಈಗಿನ ಕಾರುಗಳಲ್ಲಿ ಸೆನ್ಸರ್ ಇದನ್ನು ಹಿಡಿದು ಕಿಡಿಯನ್ನು ಸ್ವಲ್ಪ ತಡ ಮಾಡಿಸುತ್ತದೆ, ಎಂಜಿನ್ ಉಳಿಯುತ್ತದೆ, ಪಿಕಪ್ಪು ಮೈಲೇಜು ಇಳಿಯುತ್ತವೆ. ನನ್ನದರಲ್ಲಿ ಆ ಭಾಗ್ಯ ಇಲ್ಲ.

ಮೆಕ್ಯಾನಿಕ್ ಪ್ಲಗ್ ಬಿಚ್ಚಿ ಅಂಗೈ ಮೇಲಿಟ್ಟ. ತುದಿಯೆಲ್ಲಾ ಒಣ ಮಸಿ. "ಎಂಜಿನ್ ಸರಿಯಾಗೇ ಇದೆ ಸಾರ್, ಪೆಟ್ರೋಲಲ್ಲೇ ಏನೋ ಬೆರೆತಿದೆ" ಅಂದ. ಸೀಮೆಎಣ್ಣೆ ಬೆರೆತರೆ ಹೀಗೇ ಆಗುತ್ತದೆ, ಆಕ್ಟೇನ್ ಬೀಳುತ್ತದೆ, ಬೇಗ ಆವಿಯಾಗದೆ ಅರ್ಧಂಬರ್ಧ ಉರಿಯುತ್ತದೆ, ಉರಿಯದೆ ಉಳಿದದ್ದು ಸಿಲಿಂಡರ್ ಗೋಡೆ ಹಿಡಿದು ಇಳಿದು ಎಂಜಿನ್ ಆಯಿಲ್ಲನ್ನೂ ತೆಳುವಾಗಿಸುತ್ತದೆ. ಟ್ಯಾಂಕಿನಿಂದ ತೆಗೆದ ಪೆಟ್ರೋಲನ್ನು ಅವನು ಬಿಳಿ ಫಿಲ್ಟರ್ ಪೇಪರ್ ಮೇಲೆ ಒಂದು ಹನಿ ಬಿಟ್ಟು ತೋರಿಸಿದ. ಶುದ್ಧ ಪೆಟ್ರೋಲ್ ಆದರೆ ಎರಡು ನಿಮಿಷದಲ್ಲಿ ಗುರುತೇ ಇಲ್ಲದೆ ಆರಿಹೋಗಬೇಕು. ಇದು ಅಂಚಿನಲ್ಲಿ ಜಿಡ್ಡಿನ ಉಂಗುರ ಬಿಟ್ಟಿತು.

ಪೆಟ್ರೋಲಿಗೆ ಬೆರೆಸುವ ಎಥನಾಲನ್ನು (ಅದೊಂದು ಬಗೆಯ ಆಲ್ಕೋಹಾಲ್) ಕಲಬೆರಕೆ ಅಂತ ಬೈಯುವವರಿದ್ದಾರೆ, ಅದು ಅಷ್ಟು ಸರಿಯಲ್ಲ. ಅದರ ಆಕ್ಟೇನ್ ಪೆಟ್ರೋಲಿಗಿಂತ ಜಾಸ್ತಿ. ಆದರೆ ಲೀಟರಿಗೆ ಸಿಗುವ ಶಕ್ತಿ ಮೂರನೇ ಒಂದು ಭಾಗ ಕಡಿಮೆ, ಹಾಗಾಗಿ ಶೇಕಡಾ 10 ಬೆರೆಸಿದರೆ ಮೈಲೇಜ್ ಶೇಕಡಾ 3ರಷ್ಟು ಇಳಿಯುತ್ತದೆ. ನೀರನ್ನೂ ಎಳೆದುಕೊಳ್ಳುತ್ತದೆ. ನೀರು ಮಿತಿ ಮೀರಿದರೆ ಎಥನಾಲ್ ಅದರ ಜೊತೆ ಸೇರಿ ಟ್ಯಾಂಕಿನ ತಳಕ್ಕೆ ಇಳಿದುಬಿಡುತ್ತದೆ, ಪಂಪ್ ಹೀರುವುದೂ ತಳದಿಂದಲೇ ಅಲ್ವಾ! ತಿಂಗಳುಗಟ್ಟಲೆ ನಿಲ್ಲಿಸಿದ ಕಾರಿನಲ್ಲಿ ಇನ್ನೊಂದು ತಾಪತ್ರಯ: ಹಗುರ ಅಂಶ ಆವಿಯಾಗಿ ಸ್ಟಾರ್ಟ್ ಆಗಲು ಕಷ್ಟ, ಉಳಿದದ್ದು ಅಂಟಾಗಿ, ಎಂಜಿನ್ನಿಗೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರಿನಲ್ಲಿ ಕೂರುತ್ತದೆ.

ಟ್ಯಾಂಕ್ ಖಾಲಿ ಮಾಡಿಸಿ, ಪ್ಲಗ್ ಬದಲಿಸಿ, ಬೇರೆ ಬಂಕಿನಲ್ಲಿ ಮಾಮೂಲಿ ಪೆಟ್ರೋಲೇ ಹಾಕಿಸಿದೆ. ವಾಪಸ್ ಬರುವಾಗ ಮತ್ತೊಂದು ಏರು ಸಿಕ್ಕಿತು. ಹಾಡು ನಿಲ್ಲಿಸಿ, ಕಿಟಕಿ ಇಳಿಸಿ, ಅದೇ ಮೂರನೇ ಗೇರಿನಲ್ಲಿ ಒತ್ತಿದೆ. ಕಾಳಿನ ಸದ್ದು ಇರಲಿಲ್ಲ.