ತೂಕದ ಎಂಟ್ರಿಯಿಂದ ರೈತನ ಮೊಬೈಲ್‌ವರೆಗೆ: ಡೇಟಾಬೇಸ್‌ಗೆ ಕ್ಯೂ ಜೋಡಿಸಿದ ಕಥೆ

ನಮ್ಮದು ಹುಬ್ಬಳ್ಳಿಯ ಸಣ್ಣ ಸಾಫ್ಟ್‌ವೇರ್ ಆಫೀಸು. ಗಿರಾಕಿ ಬ್ಯಾಡಗಿ ಹತ್ತಿರದ ಒಂದು ಕೋಲ್ಡ್ ಸ್ಟೋರೇಜ್. ಬ್ಯಾಡಗಿಯಲ್ಲಿ ಸೋಮವಾರ, ಗುರುವಾರ ಮೆಣಸಿನಕಾಯಿ ಮಾರುಕಟ್ಟೆ. ರೇಟು ಸರಿ ಬರಲಿಲ್ಲ ಅಂದ್ರೆ ಮಾಲು ಸೀದಾ ಕೋಲ್ಡ್ ಸ್ಟೋರೇಜಿಗೆ. ಸೀಸನ್ನಿನಲ್ಲಿ ಆ ಎರಡು ದಿನ ಸಂಜೆ ಅಲ್ಲಿ ಉಸಿರಾಡೋಕೂ ಪುರಸೊತ್ತಿರಲ್ಲ. ಲಾಟ್ ತೂಕವಾದ ಕೂಡಲೇ ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿ ಒಂದು ಎಂಟ್ರಿ. ಅದೇ ಸುದ್ದಿ, ಮೆಸೇಜ್‌ಗಳನ್ನು ಸಾಲಾಗಿ ಹಿಡಿದಿಟ್ಟು ಹಂಚೋ ಕ್ಯೂ ಸಾಫ್ಟ್‌ವೇರ್ ರ‍್ಯಾಬಿಟ್‌ಎಂಕ್ಯೂ ಮೂಲಕ ರೈತನ ಎಸ್‌ಎಂಎಸ್‌ಗೆ, ಬಾಡಿಗೆ ಬಿಲ್ಲಿಗೆ, ಮಾಲೀಕರ ಸ್ಟಾಕ್ ರಿಪೋರ್ಟಿಗೆ ಹೋಗಬೇಕು.

ಕೇಳೋಕೆ ಸುಲಭ. ಎಂಟ್ರಿ ಕಮಿಟ್ ಮಾಡು (ಅಂದ್ರೆ ಪಕ್ಕಾ ಮಾಡು), ಕೋಡ್‌ನ ಮುಂದಿನ ಸಾಲಿನಲ್ಲಿ ಮೆಸೇಜ್ ಕಳಿಸು. ಆದರೆ ಆ ಎರಡು ಸಾಲಿನ ನಡುವೆ ಕರೆಂಟ್ ಹೋದರೆ? ಎಂಟ್ರಿ ಇದೆ, ಮೆಸೇಜ್ ಇಲ್ಲ. ಉಲ್ಟಾ ಮಾಡಿದರೆ ಇನ್ನೂ ಕಷ್ಟ. ಮೆಸೇಜ್ ಹೋಗಿ ಡೇಟಾಬೇಸ್ ರೋಲ್‌ಬ್ಯಾಕ್ ಆಗಿ ಎಂಟ್ರಿ ರದ್ದಾಯ್ತು ಅಂದ್ರೆ, ಪುಸ್ತಕದಲ್ಲೇ ಇಲ್ಲದ ಚೀಲಕ್ಕೆ ರೈತನ ಕೈಯಲ್ಲಿ ಎಸ್‌ಎಂಎಸ್ ಇರುತ್ತದೆ! ಎರಡನ್ನೂ ಒಂದೇ ಟ್ರಾನ್ಸಾಕ್ಷನ್‌ನಲ್ಲಿ (ಆದರೆ ಎಲ್ಲ ಆಗಬೇಕು, ಇಲ್ಲದಿದ್ದರೆ ಏನೂ ಆಗಬಾರದು ಅನ್ನೋ ಗಂಟು) ಕಟ್ಟೋ ಎಕ್ಸ್‌ಎ ಅನ್ನೋ ಪದ್ಧತಿ 1991ರಿಂದಲೂ ಇದೆ. ಐಬಿಎಂ ಎಂಕ್ಯೂ ಅನ್ನೋ ಕ್ಯೂ, ಒರಾಕಲ್ ಡೇಟಾಬೇಸ್ ಇರೋ ಕಡೆ ನಡೆಯುತ್ತದೆ. ರ‍್ಯಾಬಿಟ್‌ಎಂಕ್ಯೂನಲ್ಲಿ ಅದಿಲ್ಲ, ಮೆಸೇಜ್ ಸಾಗಿಸೋ ಇನ್ನೊಂದು ಸಾಫ್ಟ್‌ವೇರ್ ಕಾಫ್ಕಾದಲ್ಲೂ ಇಲ್ಲ. ಆ ಮಾತು ಅಲ್ಲಿಗೇ ಮುಗಿಯಿತು.

"ಟೇಬಲ್ ನೋಡ್ಕೋಂತ ಕುಂದ್ರೋ ಒಂದು ಪ್ರೋಗ್ರಾಂ ಬರದ್ರ ಮುಗೀತಲ್ರೀ" ಅಂದ ನಮ್ಮ ಹುಡುಗ. ಕೊನೆಗೆ ಓದಿದ ಎಂಟ್ರಿಯ ಐಡಿ (ಕ್ರಮಸಂಖ್ಯೆ) ನೆನಪಿಟ್ಟುಕೊಂಡು, ಅದಕ್ಕಿಂತ ದೊಡ್ಡದನ್ನು ಕೇಳುತ್ತಾ ಇರೋದು. ಡೇಟಾಬೇಸ್‌ನಿಂದ ಕಾಫ್ಕಾಗೆ ಡೇಟಾ ತರೋ ಜೆಡಿಬಿಸಿ ಕನೆಕ್ಟರ್‌ನ ಇನ್‌ಕ್ರಿಮೆಂಟಿಂಗ್ ಮೋಡ್ ಮಾಡೋದೂ ಇದನ್ನೇ. ಟೆಸ್ಟಿಂಗ್ ನೋಡಿಕೊಳ್ಳುವವಳು ಎರಡು ವಿಂಡೋ ತೆರೆದಳು. ಒಂದರಲ್ಲಿ ಎಂಟ್ರಿ ಹಾಕಿದಳು, ಐಡಿ 501 ಬಂತು, ಕಮಿಟ್ ಮಾಡದೆ ಹಾಗೇ ಬಿಟ್ಟಳು. ಇನ್ನೊಂದರಲ್ಲಿ 502 ಹಾಕಿ ಕಮಿಟ್ ಮಾಡಿದಳು. ಪ್ರೋಗ್ರಾಂ 502 ಓದಿ ಅದನ್ನೇ ನೆನಪಿಟ್ಟುಕೊಂಡಿತು. ಆಮೇಲೆ 501 ಕಮಿಟ್ ಆಯ್ತು. ಆದರೆ ಈಗ ಕೇಳ್ತಿರೋದು 502ಕ್ಕಿಂತ ದೊಡ್ಡದನ್ನು. "ಸರ, 501 ಎಲ್ಲಿ ಹೋತ್ರೀ?" ಅಂದಳು. ಐಡಿ ಸಿಗೋದು ಎಂಟ್ರಿ ಹಾಕುವಾಗ, ಬೇರೆಯವರಿಗೆ ಕಾಣೋದು ಕಮಿಟ್ ಆದ ಮೇಲೆ. ಎರಡರ ಕ್ರಮ ಒಂದೇ ಇರಬೇಕು ಅಂತೇನಿಲ್ಲ. ಎರಡು ತೂಕದ ಯಂತ್ರ ಒಟ್ಟಿಗೆ ಓಡೋ ಜಾಗದಲ್ಲಿ ಇದು ಆಗೇ ಆಗುತ್ತದೆ, ಎರರ್ ಮಾತ್ರ ಎಲ್ಲೂ ಬರಲ್ಲ.

ಡೇಟಾಬೇಸ್‌ನ ಬದಲಾವಣೆ ಹಿಡಿದು ಮುಂದೆ ಕಳಿಸೋ ಡೆಬೀಜಿಯಂ ಅನ್ನೋ ಸಾಫ್ಟ್‌ವೇರ್‌ಗೆ ಈ ರೋಗ ಇಲ್ಲ. ಅದು ಟೇಬಲ್ ಓದಲ್ಲ, ಪೋಸ್ಟ್‌ಗ್ರೆಸ್ ಪ್ರತಿ ಬದಲಾವಣೆಯನ್ನೂ ಬರೆದಿಡೋ ವಾಲ್ ಲಾಗ್ ಓದುತ್ತದೆ. ಕಮಿಟ್ ಆದ ಕ್ರಮದಲ್ಲೇ ಎಲ್ಲ ಸಿಗುತ್ತದೆ, ಡಿಲೀಟ್ ಕೂಡ. ನನಗೆ ಬಹಳ ಇಷ್ಟ. ಆದರೂ ಬೇಡ ಅಂದೆ. ಓದುವವನು (ಡೆಬೀಜಿಯಂ) ನಿಂತರೆ, ಅವನಿಗಾಗಿ ಪೋಸ್ಟ್‌ಗ್ರೆಸ್ ಲಾಗ್ ಅನ್ನು ಅಳಿಸದೆ ಕೂಡಿಡುತ್ತಾ ಹೋಗುತ್ತದೆ. ಯಾರೂ ನೋಡದಿದ್ದರೆ ಡಿಸ್ಕ್ ತುಂಬಿ ಡೇಟಾಬೇಸೇ ನಿಲ್ಲುತ್ತದೆ. 13ನೇ ಆವೃತ್ತಿಯಿಂದ ಇದಕ್ಕೆ ಮಿತಿ ಹಾಕಬಹುದು ನಿಜ. ಮಿತಿ ದಾಟಿದರೆ ಎಲ್ಲಿವರೆಗೆ ಓದಿದೆ ಅಂತ ಗುರುತಿಟ್ಟ ಸ್ಲಾಟ್ ಕೆಲಸಕ್ಕೆ ಬರಲ್ಲ, ಮತ್ತೆ ಮೊದಲಿಂದ ಓದಿಸಬೇಕು. ಅಲ್ಲಿ ಸರ್ವರ್ ನೋಡಿಕೊಳ್ಳೋರು ಅಕೌಂಟೆಂಟ್. ಎಸ್‌ಎಂಎಸ್ ಒಂದು ತಾಸು ತಡವಾದರೆ ನಡೆಯುತ್ತದೆ. ಎಸ್‌ಎಂಎಸ್ ಭಾಗ ಕೆಟ್ಟದ್ದಕ್ಕೆ ತೂಕವೇ ನಿಂತರೆ ಗೇಟಿನಲ್ಲಿ ಜಗಳ.

ಕೊನೆಗೆ ಔಟ್‌ಬಾಕ್ಸ್ ಟೇಬಲ್ ಮಾಡಿದೆವು. ಲಾಟ್ ಎಂಟ್ರಿಯ ಟ್ರಾನ್ಸಾಕ್ಷನ್‌ನಲ್ಲೇ ಅದಕ್ಕೂ ಒಂದು ಸಾಲು. ಹೋದರೆ ಎರಡೂ ಹೋಗುತ್ತವೆ, ಉಳಿದರೆ ಎರಡೂ ಉಳಿಯುತ್ತವೆ. ಚಿಕ್ಕ ಪ್ರೋಗ್ರಾಂ ಒಂದು, 'ಕಳಿಸಿದ ಸಮಯ' ಖಾಲಿ ಇರೋ ಸಾಲುಗಳನ್ನು ಎತ್ತಿಕೊಳ್ಳುತ್ತದೆ. ಐಡಿ ನೋಡಲ್ಲ, ಹಾಗಾಗಿ 501 ತಡವಾಗಿ ಬಂದರೂ ಸಿಗುತ್ತದೆ. ಪ್ರೋಗ್ರಾಂ ಎರಡು ಕಡೆ ಓಡಿದರೂ ಒಂದೇ ಸಾಲಿಗೆ ಇಬ್ಬರು ಕೈ ಹಾಕದ ಹಾಗೆ ಸ್ಕಿಪ್ ಲಾಕ್ಡ್ ಹಾಕಿದ್ದೇವೆ, ಅದು ಪೋಸ್ಟ್‌ಗ್ರೆಸ್ 9.5ರಿಂದಲೇ ಇದೆ. ರ‍್ಯಾಬಿಟ್‌ಎಂಕ್ಯೂ ಕನ್ಫರ್ಮ್ ಕೊಟ್ಟ ಮೇಲೆ ಮಾತ್ರ ಸಮಯ ಬರೆಯೋದು.

ಕನ್ಫರ್ಮ್ ಬಂದು, ಸಮಯ ಬರೆಯೋ ಮುಂಚೆ ಪ್ರೋಗ್ರಾಂ ಸತ್ತರೆ ಅದೇ ಮೆಸೇಜ್ ಮತ್ತೆ ಹೋಗುತ್ತದೆ. ಬಿಲ್ಲಿಗೆ ಅದು ಆಗಕೂಡದು. ಅಲ್ಲಿ ಮೆಸೇಜ್ ಐಡಿಗೆ ಯುನೀಕ್ ಕೀ ಹಾಕಿದ್ದೇವೆ, ಎರಡನೇದು ಬಂದರೆ ಸುಮ್ನೆ ಬಿಟ್ಟುಬಿಡುತ್ತದೆ. ಎಸ್‌ಎಂಎಸ್ ಮಾತ್ರ ನಮ್ಮ ಕೈ ದಾಟಿದ ಮೇಲೆ ವಾಪಸ್ ಬರಲ್ಲ. ಮಾಲೀಕರನ್ನೇ ಕೇಳಿದೆ. "ಎರಡು ಸಲ ಬಂದ್ರ ನಡೀತೈತ್ರೀ. ಬರಲಿಲ್ಲಂದ್ರ ನನ್ನ ಕೊಳ್ಳಪಟ್ಟಿ ಹಿಡೀತಾರ" ಅಂದರು.

ಈಗ ಅವರ ಹಳೇ ಅಕೌಂಟ್ಸ್ ಸಾಫ್ಟ್‌ವೇರನ್ನೂ ಕ್ಯೂಗೆ ಸೇರಿಸಿ ಅಂತಿದ್ದಾರೆ. ಅದರದ್ದೂ ಪೋಸ್ಟ್‌ಗ್ರೆಸ್ಸೇ, ಆದರೆ ಕೋಡ್ ಬೇರೆಯವರದ್ದು. ಅದರೊಳಗೆ ಔಟ್‌ಬಾಕ್ಸ್ ಬರೆಯೋರು ಯಾರು? ಅಲ್ಲಿಗೆ ಡೆಬೀಜಿಯಂ ಹಾಕೋಣ ಅಂದಿದ್ದೇನೆ. ಆದರೆ ಒಂದು ಷರತ್ತು: ಆ ಅಕೌಂಟ್ಸ್ ಡೇಟಾಬೇಸ್ ತೂಕದ ಡೇಟಾಬೇಸ್ ಇರೋ ಮಷಿನ್‌ನಲ್ಲಿ ಇರಬಾರದು, ಮತ್ತೆ ಡಿಸ್ಕ್ ತುಂಬುತ್ತಾ ಬಂದರೆ ಅಲರ್ಟ್ ಅಕೌಂಟೆಂಟ್‌ಗೆ ಅಲ್ಲ, ನನ್ನ ಫೋನಿಗೇ ಬರಬೇಕು.